ಬೂದು ಜೋಡಿಯ ಕೆಂಪು ಮರಿ: ಬಣ್ಣ ಮತ್ತು ವಂಶದ ಬಗ್ಗೆ ಇತಿಹಾಸ ಹೇಳುವುದೇನು?

ಬೇಲೂರಿನ ದೇವಾಲಯದ ಗೋಪುರದಿಂದ ಹಾರಿ ಬರುವ ಪಾರಿವಾಳಗಳಲ್ಲಿ ಹೆಚ್ಚಿನವುಗಳ ಬಣ್ಣ ಒಂದೇ. ಬೂದು ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ. ಆದರೆ ನಮ್ಮ ಮೊಹಲ್ಲಾದ ಮಹಡಿಗಳಲ್ಲಿ ಯುವಕರು ಸಾಕುವ ಪಾರಿವಾಳಗಳಲ್ಲಿ ಬಿಳಿ, ಕಪ್ಪು, ಕೆಂಪು, ಚುಕ್ಕೆ ಎಲ್ಲವೂ ಇವೆ. ಕೆಲವು ತಿಂಗಳ ಹಿಂದೆ ಮದ್ರಸದ ಬಾಲಕನೊಬ್ಬ ನಮ್ಮ ಬಳಿ ಬಂದು ಒಂದು ಸಂಗತಿ ಹೇಳಿದನು. ಅವನ ಅಣ್ಣ ಸಾಕಿದ್ದ ಬೂದು ಬಣ್ಣದ ಜೋಡಿಗೆ ಕೆಂಪು ಮರಿಯೊಂದು ಹುಟ್ಟಿತ್ತು. ನಸ್ಲ್ ಕೆಟ್ಟಿದೆ, ತಾಯಿ ಹಕ್ಕಿಯನ್ನು ಮಾರಿಬಿಡು ಎಂದು ಸ್ನೇಹಿತರು ಅಣ್ಣನಿಗೆ ಸಲಹೆ ನೀಡಿದ್ದರು. "ಉಸ್ತಾದ್, ತಾಯಿ ಹಕ್ಕಿ ಏನು ತಪ್ಪು ಮಾಡಿತು?" ಎಂದು ಬಾಲಕ ಕೇಳಿದಾಗ ನಾವು ನಕ್ಕೆವು. ಆದರೆ ಅದು ನಗುವ ಪ್ರಶ್ನೆಯಾಗಿರಲಿಲ್ಲ. ಗರಿಯ ಬಣ್ಣ ನೋಡಿ ವಂಶವನ್ನು ನಿರ್ಣಯಿಸುವ ಈ ಅಭ್ಯಾಸಕ್ಕೆ ಬಹು ದೀರ್ಘವಾದ ಇತಿಹಾಸವಿದೆ.

ಹಿಜರಿ 3ನೇ ಶತಮಾನದಲ್ಲಿ ಬಸ್ರಾ ನಗರದ ವಿದ್ವಾಂಸ ಅಲ್-ಜಾಹಿಝ್ ಪ್ರಾಣಿಗಳ ಕುರಿತು 'ಕಿತಾಬುಲ್ ಹಯವಾನ್' ಎಂಬ ಬೃಹತ್ ಗ್ರಂಥವನ್ನು ರಚಿಸಿದರು. ಗೂಡಿಗೆ ಮರಳುವ ಪಾರಿವಾಳವೊಂದು 500 ದೀನಾರ್‌ಗಳವರೆಗೆ ಮಾರಾಟವಾಗುತ್ತಿತ್ತೆಂದು ಅವರು ಅದರಲ್ಲಿ ದಾಖಲಿಸಿದ್ದಾರೆ. ಅರಬರು ತಮ್ಮ ಗೋತ್ರಗಳ ವಂಶಾವಳಿಯನ್ನು ಕಾಪಾಡಿದಂತೆಯೇ ಬಸ್ರಾದ ಜನರು ಪಾರಿವಾಳಗಳ ವಂಶಾವಳಿಯನ್ನೂ ಕಾಪಾಡುತ್ತಿದ್ದರು. ಬಣ್ಣದ ಬಗೆಗೂ ಅವರಲ್ಲಿ ಒಂದು ತಕ್ಕಡಿಯಿತ್ತು. ಬಿಳಿ ಹಕ್ಕಿಯೆಂದರೆ ಗರ್ಭದಲ್ಲಿ ಪೂರ್ಣವಾಗಿ ಬೇಯದ್ದು, ಕಪ್ಪು ಹಕ್ಕಿಯೆಂದರೆ ಅತಿಯಾಗಿ ಬೆಂದದ್ದು ಎಂಬ ಅಭಿಪ್ರಾಯ ಆ ಗ್ರಂಥದಲ್ಲಿದೆ. ಅಷ್ಟಕ್ಕೇ ನಿಲ್ಲದೆ, ಅದೇ ಅಳತೆಯನ್ನು ಬಿಳಿಯ ಸ್ಲಾವ್ ಜನರಿಗೂ ಕಪ್ಪು ಝಂಜ್ ಜನರಿಗೂ ಅನ್ವಯಿಸಲಾಗಿದೆ. ಕರಿಯರ ಹಿರಿಮೆಯನ್ನು ಎತ್ತಿಹಿಡಿದು ಪ್ರತ್ಯೇಕ ಪ್ರಬಂಧ ಬರೆದವರೂ ಇದೇ ಜಾಹಿಝ್ ಎಂಬುದನ್ನು ಮರೆಯಬಾರದು. ಆದರೂ ಹಕ್ಕಿಯ ಗೂಡಿನಲ್ಲಿ ಆರಂಭವಾದ ಬಣ್ಣದ ತಕ್ಕಡಿ ಮನುಷ್ಯರ ಮನೆಯೊಳಗೆ ಬರಲು ಎಷ್ಟು ಕಡಿಮೆ ಹೊತ್ತು ಸಾಕು ಎಂಬುದಕ್ಕೆ ಇದೊಂದು ನಿದರ್ಶನ.

ಪಾರಿವಾಳದಿಂದ ಸಮುದಾಯಕ್ಕೆ ದೊಡ್ಡ ಸೇವೆಯೂ ಸಂದಿದೆ. ಸುಲ್ತಾನ್ ನೂರುದ್ದೀನ್ ಝಂಗಿ ಹಿಜರಿ 567ರಲ್ಲಿ ತನ್ನ ರಾಜ್ಯದಾದ್ಯಂತ ಪಾರಿವಾಳಗಳ ಅಂಚೆ ವ್ಯವಸ್ಥೆಯನ್ನು ಏರ್ಪಡಿಸಿದರು. ಶತ್ರು ಗಡಿ ದಾಟಿದ ಸುದ್ದಿ ಬೇಗನೆ ತಲಪುವಂತಾಯಿತು. ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಸ್ಜಿದೆ ಆಲಾದ ಮಿನಾರುಗಳಲ್ಲಿ ಪಾರಿವಾಳದ ಗೂಡುಗಳನ್ನು ಇಂದಿಗೂ ಕಾಣಬಹುದು. ಆದರೆ ಅದೇ ಹಕ್ಕಿ ಅರಸರ ಮೋಹವೂ ಆಯಿತು. ಬಗ್ದಾದಿನ ಖಲೀಫಾ ಅನ್ನಾಸಿರ್ (1180–1225) ಉತ್ತಮ ವಂಶದ ಪಾರಿವಾಳಗಳನ್ನು ತನ್ನ ಹಕ್ಕಿಗಳಿಂದಲ್ಲದೆ ಬೇರೆಡೆಯಿಂದ ಪಡೆದು ಸಾಕಬಾರದೆಂದು ನಿರ್ಬಂಧಿಸಿದನು. ಆಡಳಿತವನ್ನು ಮರೆತು ಇಂತಹ ವಿನೋದಗಳಲ್ಲಿ ಮುಳುಗಿದ್ದಕ್ಕಾಗಿ ಇತಿಹಾಸಕಾರ ಇಬ್ನುಲ್ ಅಸೀರ್ ಅವನನ್ನು ಟೀಕಿಸಿದ್ದಾರೆ. ಮೊಗಲ್ ಅರಸ ಅಕ್ಬರನ ಬಳಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದು ಅಬುಲ್ ಫಝ್ಲ್ ಬರೆದಿದ್ದಾನೆ.

ಈ ಮೋಹವು ಧರ್ಮವನ್ನೇ ಮುಟ್ಟಿದ ಒಂದು ಘಟನೆಯನ್ನು ಹದೀಸ್ ವಿದ್ವಾಂಸರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ಅಬ್ಬಾಸಿ ಖಲೀಫಾ ಅಲ್-ಮಹ್ದಿಗೆ ಪಾರಿವಾಳಗಳೆಂದರೆ ಪ್ರಾಣ. ಪಣದ ಬಹುಮಾನಕ್ಕೆ ಒಂಟೆ, ಕುದುರೆ ಮತ್ತು ಬಾಣಗಳ ಸ್ಪರ್ಧೆಗಳಲ್ಲಿ ಮಾತ್ರ ಅನುಮತಿಯಿದೆ ಎಂಬ ಹದೀಸನ್ನು ಗಿಯಾಸ್ ಬಿನ್ ಇಬ್ರಾಹೀಮ್ ಎಂಬವನು ಅವನೆದುರು ಹೇಳುತ್ತಾ, ಅರಸನನ್ನು ಮೆಚ್ಚಿಸಲೆಂದು ರೆಕ್ಕೆಯುಳ್ಳವುಗಳನ್ನೂ ಅದಕ್ಕೆ ಸೇರಿಸಿಬಿಟ್ಟನು. ಮಹ್ದಿ ಅವನಿಗೆ ಬಹುಮಾನ ಕೊಟ್ಟನು. ಆದರೆ ಅವನು ಬೆನ್ನು ತಿರುಗಿಸಿದೊಡನೆ, ಇದು ಪ್ರವಾದಿವರ್ಯರ(ಸ) ಮೇಲೆ ಸುಳ್ಳು ಹೊರಿಸಿದವನ ಕತ್ತು ಎಂದು ಸಾಕ್ಷ್ಯ ನುಡಿದನು. ಆ ಸುಳ್ಳಿಗೆ ತನ್ನ ಹಕ್ಕಿಗಳೇ ಕಾರಣವಾದವೆಂದು ಅವುಗಳನ್ನು ಕೊಯ್ಯಿಸಿದನು. ಹಕ್ಕಿಯ ವಂಶ ಕೆಟ್ಟರೆ ಒಂದು ಸ್ಪರ್ಧೆ ಸೋಲಬಹುದು, ಹದೀಸಿನ ವಂಶಾವಳಿಯಾದ ಸನದ್ ಕೆಟ್ಟರೆ ದೀನಿಗೇ ಹಾನಿ.

ಇನ್ನು ಬಾಲಕನ ಪ್ರಶ್ನೆಗೆ ಬರೋಣ. ಹಝ್ರತ್ ಅಬೂ ಹುರೈರಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಪ್ರಸಂಗವೊಂದಿದೆ. ಮರುಭೂಮಿಯ ವ್ಯಕ್ತಿಯೊಬ್ಬ ಪ್ರವಾದಿವರ್ಯರ(ಸ) ಬಳಿ ಬಂದು, ತನ್ನ ಪತ್ನಿ ಕಪ್ಪು ಮಗುವನ್ನು ಹೆತ್ತಿದ್ದಾಳೆ ಎಂದನು. ಮಾತಿನ ಹಿಂದೆ ಸಂಶಯ ಅಡಗಿತ್ತು. ಪ್ರವಾದಿವರ್ಯರು(ಸ) ಅವನನ್ನು ಗದರಿಸಲಿಲ್ಲ. ನಿನ್ನ ಒಂಟೆಗಳ ಬಣ್ಣ ಯಾವುದು ಎಂದು ಕೇಳಿದರು. ಕೆಂಪು ಎಂದನು. ಅವುಗಳಲ್ಲಿ ಬೂದು ಬಣ್ಣದ್ದೂ ಇದೆಯೇ ಎಂದು ಕೇಳಿದರು. ಇದೆ ಎಂದನು. ಅದೆಲ್ಲಿಂದ ಬಂತು ಎಂದಾಗ, ಬಹುಶಃ ಯಾವುದೋ ಹಳೆಯ ನರವೊಂದು ಎಳೆದಿರಬೇಕು ಎಂದನು. ನಿನ್ನ ಮಗುವಿನ ವಿಷಯದಲ್ಲೂ ಹಾಗೆಯೇ ಆಗಿರಬಹುದೆಂದು ಪ್ರವಾದಿವರ್ಯರು(ಸ) ತಿಳಿಹೇಳಿದರು. ಬೂದು ಒಂಟೆಗೆ ಇಲ್ಲಿ ಬಂದಿರುವ ಪದ 'ಔರಕ್'. ಅದರ ಸ್ತ್ರೀಲಿಂಗ ರೂಪವಾದ 'ವರ್ಕಾ' ಎಂಬುದನ್ನು ಅರಬರು ಪಾರಿವಾಳಕ್ಕೂ ಬಳಸುತ್ತಾರೆ!

ಆ ಹಳೆಯ ನರದ ಗುಟ್ಟನ್ನು ಪಾರಿವಾಳ ಸಾಕುವವರು ಇಂದು ಬಲ್ಲರು. ಬೂದು ಬಣ್ಣದ ತಂದೆ-ತಾಯಿಗಳಿಬ್ಬರಲ್ಲೂ ಕೆಂಪಿನ ಅಂಶವೊಂದು ಅಡಗಿದ್ದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕೆಂಪಾಗಿ ಹುಟ್ಟುತ್ತದೆ. ಅಂದರೆ ಮರಿ ಕೆಂಪಾಗಬೇಕಾದರೆ ಆ ಅಂಶವು ತಂದೆಯಿಂದಲೂ ಬಂದಿರಲೇಬೇಕು. ತಾಯಿಯೊಬ್ಬಳನ್ನೇ ದೂರುವುದು ಅಜ್ಞಾನ. ಇನ್ನು ಬೂದುಗೆಂಪು ಎಂಬ ಬೇರೊಂದು ಬಗೆಯ ಹೆಣ್ಣನ್ನು ಬೂದು ಗಂಡಿನೊಡನೆ ಜೋಡಿ ಮಾಡಿದರೆ ಗಂಡು ಮರಿಗಳು ತಾಯಿಯ ಬಣ್ಣವನ್ನೂ ಹೆಣ್ಣು ಮರಿಗಳು ತಂದೆಯ ಬಣ್ಣವನ್ನೂ ಪಡೆಯುತ್ತವೆ. ಚಾರ್ಲ್ಸ್ ಡಾರ್ವಿನ್ ಬಿಳಿ ಮತ್ತು ಕಪ್ಪು ತಳಿಗಳನ್ನು ಬೆರೆಸಿ, ಅವುಗಳ ಮರಿಗಳನ್ನು ಮತ್ತೆ ಕೂಡಿಸಿದಾಗ, ಮೊಮ್ಮಗುವೊಂದು ಕಾಡು ಪಾರಿವಾಳದಂತೆ ಬೂದುನೀಲಿಯಾಗಿ, ರೆಕ್ಕೆಗೆ ಎರಡು ಪಟ್ಟೆ ಹೊತ್ತು ಹುಟ್ಟಿತೆಂದು 1859ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅವನ ಸಿದ್ಧಾಂತದ ಚರ್ಚೆ ಇಲ್ಲಿ ನಮ್ಮ ಉದ್ದೇಶವಲ್ಲ. ತಂದೆ-ತಾಯಿಯಲ್ಲಿ ಕಾಣದ್ದು ಅಜ್ಜ-ಮುತ್ತಜ್ಜರಿಂದ ಬರುತ್ತದೆ ಎಂಬ ಸತ್ಯ ಇಲ್ಲೂ ಕಂಡಿತು. ರೇಸಿಗೆ ಬಿಡುವವರು ಬಣ್ಣವನ್ನು ನಂಬದೆ, ಮರಿಗೆ ಒಂದು ವಾರವಾಗುವ ಹೊತ್ತಿಗೆ ಅದರ ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸುವುದು ಇದಕ್ಕಾಗಿಯೇ. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್. ಒಳ್ಳೆಯ ಹಕ್ಕಿಗೆ ಅದು ಕಾಲು ಗಂಟೆಯ ದಾರಿ. ಆ ದಾರಿಯಲ್ಲಿ ಗರಿಯ ಬಣ್ಣ ಅದಕ್ಕೆ ಮನೆಯನ್ನು ತೋರಿಸುವುದಿಲ್ಲ.

ಓದುಗರೇ, ಮಾತು ಹಕ್ಕಿಯದ್ದಷ್ಟೇ ಅಲ್ಲ. ಅಕೀಕದ ದಿನ ಕೂಸನ್ನು ಎತ್ತಿಕೊಂಡು, ಇದಕ್ಕೆ ಈ ಬಣ್ಣ ಎಲ್ಲಿಂದ ಬಂತು ಎಂದು ನಗುತ್ತಾ ಕೇಳುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಆ ನಗು ಬಾಣಂತಿಯ ಎದೆಯನ್ನು ಇರಿಯುತ್ತದೆ. ಸಾಧ್ವಿಯರ ಮೇಲೆ ಅಪವಾದ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರದವರಿಗೆ ಸೂರಃ ಅನ್ನೂರ್ 80 ಛಡಿಯೇಟುಗಳ ಶಿಕ್ಷೆಯನ್ನು ವಿಧಿಸಿದೆ. ಮನುಷ್ಯರ ಬಣ್ಣಗಳ ವೈವಿಧ್ಯವನ್ನು ಕುರ್‌ಆನ್ ಸಂಶಯಕ್ಕೆ ಕಾರಣವೆಂದಲ್ಲ, ಅಲ್ಲಾಹನ ದೃಷ್ಟಾಂತವೆಂದು ಕರೆದಿದೆ. ಮಗಳಿಗೆ ವರ ನೋಡುವಾಗ, ಮಗನಿಗೆ ವಧು ನೋಡುವಾಗ ನಾವು ಹಿಡಿಯುವ ತಕ್ಕಡಿ ಯಾವುದೆಂದು ಒಮ್ಮೆ ಪರೀಕ್ಷಿಸಿಕೊಳ್ಳೋಣ.

ಪಾರಿವಾಳ ಸಾಕುವ ಯುವಕರಿಗೂ ಒಂದು ಮಾತು. ಮರಿಗಾಗಿ, ಮೊಟ್ಟೆಗಾಗಿ, ಮನಸ್ಸಿನ ಸಂಗಾತಕ್ಕಾಗಿ ಅವುಗಳನ್ನು ಸಾಕಲು ವಿದ್ವಾಂಸರು ಅನುಮತಿಸಿದ್ದಾರೆ. ಜೂಜು ಕಟ್ಟುವುದಕ್ಕೂ ನಮಾಝ್ ಮರೆತು ಅವುಗಳ ಬೆನ್ನು ಹತ್ತುವುದಕ್ಕೂ ಅನುಮತಿಯಿಲ್ಲ. ಬಾಲಕನಿಗೆ ನಾವು ಒಂಟೆಯ ಹದೀಸನ್ನು ಹೇಳಿ ಕಳುಹಿಸಿದೆವು. ಅವನು ಅದನ್ನು ಅಣ್ಣನಿಗೆ ತಲಪಿಸಿದನು. ಬೂದು ತಾಯಿ ಮತ್ತು ಅದರ ಕೆಂಪು ಮರಿ ಈಗಲೂ ಅದೇ ಮಹಡಿಯಲ್ಲಿವೆ.

ಕಣ್ಣಿಗೆ ಕಾಣುವ ಬಣ್ಣದಿಂದ ಕಾಣದ ಸಂಗತಿಗಳ ತೀರ್ಪು ನೀಡುವ ಕೆಡುಕಿನಿಂದ ಅಲ್ಲಾಹನು ನಮ್ಮೆಲ್ಲರನ್ನು ಕಾಪಾಡಲಿ. ಆಮೀನ್.