ರಕ್ತಪಿಶಾಚಿಯ ಕಥೆಯಲ್ಲಿ ಹೆಣ್ಣಿನ ದನಿ: ‘ಟ್ವೈಲೈಟ್’ ಕಾದಂಬರಿಯ ಪೂರ್ವಚರಿತ್ರೆ

2005ರಲ್ಲಿ ಪ್ರಕಟವಾದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿಯನ್ನು ಹದಿಹರೆಯದವರ ಹಗುರವಾದ ಪ್ರಣಯಕಥೆಯೆಂದು ಬದಿಗಿರಿಸುವುದು ಸುಲಭ. ಆದರೆ ರಕ್ತಪಿಶಾಚಿಯ ಕಥೆಯನ್ನು ಹೇಳುವವರು ಯಾರು ಎಂಬ ಪ್ರಶ್ನೆಯನ್ನಿರಿಸಿಕೊಂಡು ನೋಡಿದರೆ, ಇಂಗ್ಲಿಷ್ ಸಾಹಿತ್ಯದ ಸುದೀರ್ಘ ಪರಂಪರೆಯೊಂದರಲ್ಲಿ ಈ ಕೃತಿಯ ಸ್ಥಾನ ಸ್ಪಷ್ಟವಾಗುತ್ತದೆ. (ರಕ್ತಪಿಶಾಚಿಯನ್ನು ಬೇತಾಳನೊಡನೆ ಬೆರೆಸಬಾರದು. 1870ರಲ್ಲಿ ರಿಚರ್ಡ್ ಬರ್ಟನ್ ವಿಕ್ರಮ-ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತರುವಾಗ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದನು. ಬೇತಾಳನು ವಿಕ್ರಮನಿಂದ ಬಯಸಿದ್ದು ಒಗಟಿಗೆ ಉತ್ತರವನ್ನೇ ಹೊರತು ರಕ್ತವನ್ನಲ್ಲ.)

ಕವಿ ಬೈರನ್ನನ ವೈದ್ಯನಾಗಿದ್ದ ಜಾನ್ ಪೊಲಿಡೋರಿಯ ‘ದಿ ವ್ಯಾಂಪೈರ್’ 1819ರಲ್ಲಿ ಬೈರನ್ನನ ಹೆಸರಿನಲ್ಲಿಯೇ ಅಚ್ಚಾಯಿತು. ಅದರ ನಾಯಕ ಆಬ್ರಿಯು ಲಾರ್ಡ್ ರತ್ವೆನ್‌ನ ಕ್ರೌರ್ಯವನ್ನು ಒಂದು ವರ್ಷ ಒಂದು ದಿನದವರೆಗೆ ಹೊರಗೆಡಹುವುದಿಲ್ಲವೆಂದು ಪ್ರತಿಜ್ಞೆ ಮಾಡಿರುತ್ತಾನೆ. ಆ ಮೌನದ ಬೆಲೆ ತೆರುವವಳು ಅವನ ತಂಗಿ: ಆಕೆ ರತ್ವೆನ್‌ನನ್ನು ವರಿಸಿ ಅವನಿಗೇ ಆಹಾರವಾಗುತ್ತಾಳೆ. ಕರ್ತೃವು ಆಕೆಗೆ ಸ್ವಂತದ್ದೊಂದು ಹೆಸರನ್ನೂ ಕೊಟ್ಟಿಲ್ಲ.

ಶೆರಿಡನ್ ಲೆ ಫಾನುವಿನ ‘ಕಾರ್ಮಿಲಾ’ (1872) ಇಲ್ಲಿ ದೊಡ್ಡ ತಿರುವು. ಇದರ ನಿರೂಪಕಿ ಲಾರಾ ಎಂಬ ತರುಣಿ. ತನ್ನ ಭಯವನ್ನೂ ಕಾರ್ಮಿಲಾಳ ಬಗೆಗಿನ ಆಕರ್ಷಣೆಯನ್ನೂ ತಾನೇ ಬರೆಯುತ್ತಾಳೆ. ಆದರೂ ಕಾರ್ಮಿಲಾಳ ಸಂಹಾರದ ಪ್ರಸಂಗ ಬಂದಾಗ, ತಂದೆಯ ಬಳಿಯಿದ್ದ ಸರ್ಕಾರಿ ಆಯೋಗದ ವರದಿಯನ್ನು ಅವಳು ಸಂಗ್ರಹಿಸಿ ಹೇಳಬೇಕಾಗುತ್ತದೆ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದಲ್ಲಿ (1897) ಎಲ್ಲರ ದಿನಚರಿಗಳನ್ನೂ ಬೆರಳಚ್ಚು ಮಾಡಿ ಜೋಡಿಸುವವಳು ಮೀನಾ. ಅವಳ ರಕ್ಷಣೆಗೆಂದೇ ಗಂಡಸರು ಅವಳನ್ನು ಸಮಾಲೋಚನೆಯಿಂದ ದೂರವಿಡುತ್ತಾರೆ. ಡ್ರಾಕುಲಾ ಅವಳ ಮೇಲೆರಗುವುದು ಆ ಅವಧಿಯಲ್ಲಿಯೇ. 1976ರಲ್ಲಿ ಆ್ಯನ್ ರೈಸ್ ಅವರ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ ಕಾದಂಬರಿಯಲ್ಲಿ ಪಿಶಾಚಿಯೇ ಮಾತನಾಡಿದ್ದರಿಂದ ಅದು ಓದುಗರ ಅನುಕಂಪಕ್ಕೆ ಪಾತ್ರವಾಯಿತು.

ಮೇಯರ್ ಈ ಎರಡೂ ಧಾರೆಗಳನ್ನು ಕೂಡಿಸಿದರು. ವಾಷಿಂಗ್ಟನ್ ರಾಜ್ಯದ ಸದಾ ಮೋಡ ಕವಿದ ಫೋರ್ಕ್ಸ್ ಪಟ್ಟಣದಲ್ಲಿ ಹದಿನೇಳರ ಬೆಲ್ಲಾ ಉತ್ತಮ ಪುರುಷದಲ್ಲಿ ಕಥೆ ಹೇಳುತ್ತಾಳೆ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯುತ್ತಿದ್ದಾಗ ಪಿಶಾಚಿಯಾಗಿಸಲ್ಪಟ್ಟ ಎಡ್ವರ್ಡ್ ಮನುಷ್ಯರಕ್ತವನ್ನು ತೊರೆದು ಪ್ರಾಣಿರಕ್ತದಲ್ಲಿ ಜೀವ ಹಿಡಿದಿದ್ದಾನೆ. ಆಬ್ರಿಯನ್ನು ಬಂಧಿಸಿದ್ದ ಪ್ರತಿಜ್ಞೆಯೂ ಇಲ್ಲಿ ಬೇಕಾಗಿಲ್ಲ. ಬೆಲ್ಲಾ ಪ್ರೇಮದಿಂದಲೇ ಗುಟ್ಟನ್ನು ಕಾಯುತ್ತಾಳೆ. ಆದಿಕಾಂಡದ ನಿಷಿದ್ಧ ಫಲದ ಪ್ರಸಂಗವನ್ನು ನೆನಪಿಸುವ ಮುಖಪುಟದ ಸೇಬು ಈ ವಸ್ತುವನ್ನೇ ಸೂಚಿಸುತ್ತದೆ.

ಸಂಯಮವೇ ಇಲ್ಲಿನ ಶೃಂಗಾರದ ಸ್ಥಾಯಿ. ಆದರೆ ಆ ಸಂಯಮದ ಕೀಲಿಕೈ ಎಡ್ವರ್ಡನಲ್ಲಿದೆ ಎಂಬುದು ಕೃತಿಯ ಗಂಭೀರ ತೊಡಕು. ಅವನು ಅವಳ ಅರಿವಿಲ್ಲದೆ ರಾತ್ರಿ ಕೋಣೆ ಹೊಕ್ಕು ನಿದ್ರಿಸುವವಳನ್ನು ನೋಡುತ್ತಾನೆ. ಮೂರನೆಯ ಸಂಪುಟದಲ್ಲಿ ಅವಳು ಗೆಳೆಯನಲ್ಲಿಗೆ ಹೋಗದಂತೆ ವಾಹನದ ಯಂತ್ರವನ್ನೇ ಕೆಡಿಸುತ್ತಾನೆ. ನಿರೂಪಕಿ ಇದನ್ನು ಕಾಳಜಿಯೆಂದು ಬಗೆದು ಬೇಗನೆ ಕ್ಷಮಿಸುವುದರಿಂದ, ಓದುಗರಿಗೂ ಅದು ಕಾಳಜಿಯಾಗಿಯೇ ಕಾಣುವ ಅಪಾಯವಿದೆ. ಮೀನಾಳಿಗೆ ಇಲ್ಲದಿದ್ದ ನಿರೂಪಣೆಯ ಏಕಸ್ವಾಮ್ಯ ಬೆಲ್ಲಾಳಿಗಿದೆ. ನಿರ್ಧಾರದ ವಿಷಯದಲ್ಲಿ ಅವಳ ಸ್ಥಿತಿ ಮೀನಾಳಿಗಿಂತ ಬಹಳ ಮುಂದೆ ಹೋಗಿಲ್ಲ.

ಬೆಲ್ಲಾ ಸದಾ ರಕ್ಷಣೆಗಾಗಿ ಕಾಯುವ ಅಬಲೆ ಎಂಬ ಟೀಕೆಗೆ ಉತ್ತರವಾಗಿ ಮೇಯರ್ 2015ರಲ್ಲಿ ‘ಲೈಫ್ ಆ್ಯಂಡ್ ಡೆತ್’ ಎಂಬ ರೂಪಾಂತರವನ್ನು ಬರೆದರು. ಅದರಲ್ಲಿ ಮನುಷ್ಯನು ಬೋ ಎಂಬ ಹುಡುಗ, ಪಿಶಾಚಿಯು ಎಡಿತ್ ಎಂಬ ಹುಡುಗಿ. ಬೆಲ್ಲಾ ಬೇಡಿ ಬೇಡಿ ನಾಲ್ಕನೆಯ ಸಂಪುಟದಲ್ಲಿ ಪಡೆದ ಪಿಶಾಚಿರೂಪವು ಬೋನಿಗೆ ಈ ಒಂದೇ ಪುಸ್ತಕದ ಕೊನೆಯಲ್ಲಿ ದೊರೆಯುತ್ತದೆ.