ನೆಲದ ಮೇಲಿನ ಕಾಲ: ಖಾಸಗಿ ವಿಮಾನಗಳ ಇಂಧನ ಪೂರೈಕೆ ಮತ್ತು ವಿಳಂಬದ ಚರಿತ್ರೆ

ಪೀಠಿಕೆ

ಭಾರತದ ವಿಮಾನಯಾನದ ಚರಿತ್ರೆಯನ್ನು ಬರೆದವರ ದೃಷ್ಟಿ ಬಹುಮಟ್ಟಿಗೆ ಆಕಾಶದ ಕಡೆಗೇ ನೆಟ್ಟಿದೆ. ಹಾರಿದವರ ಹೆಸರು, ಹಾರಿದ ದೂರ, ಮುರಿದ ದಾಖಲೆ ಇವು ಗ್ರಂಥಗಳಲ್ಲಿ ಸ್ಥಾನ ಪಡೆದಿವೆ. ಆದರೆ ಯಾವುದೇ ಹಾರಾಟದ ಕಾಲವನ್ನು ನಿರ್ಧರಿಸುವಲ್ಲಿ ನೆಲದ ಮೇಲೆ ಕಳೆದ ಸಮಯದ ಪಾತ್ರ ಕಡಿಮೆಯದಲ್ಲ. ಇಂಧನ ಬರುವವರೆಗೆ ಕಾಯುವುದು, ಬಿಡಿಭಾಗಕ್ಕಾಗಿ ಕಾಯುವುದು, ನೆಲ ಒಣಗುವವರೆಗೆ ಕಾಯುವುದು, ಅಪ್ಪಣೆಗಾಗಿ ಕಾಯುವುದು ಇವೆಲ್ಲವೂ ವಿಮಾನಯಾನದ ಅವಿಭಾಜ್ಯ ಅಂಗಗಳು. ಖಾಸಗಿ ವಿಮಾನಗಳ ಮಟ್ಟಿಗಂತೂ ಈ ಮಾತು ಇನ್ನಷ್ಟು ನಿಜ. ಪ್ರಸ್ತುತ ಪ್ರಬಂಧದಲ್ಲಿ 1930ರ ದಶಕದ ಕೆಲವು ಪ್ರಸಂಗಗಳನ್ನು ಮುಂದಿಟ್ಟುಕೊಂಡು, ನೆಲದ ಮೇಲಿನ ವಿಳಂಬವು ಕೇವಲ ತಾಂತ್ರಿಕ ಹಿಂದುಳಿದಿರುವಿಕೆಯ ಫಲವೇ ಅಥವಾ ವ್ಯವಸ್ಥೆ ಮತ್ತು ಆದ್ಯತೆಗಳ ಫಲವೇ ಎಂಬ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ. ಜೊತೆಗೆ, ಈ ಚರಿತ್ರೆಯಲ್ಲಿ ಬಳ್ಳಾರಿಗೆ ಸಲ್ಲಬೇಕಾದ ಸ್ಥಾನದ ಕಡೆಗೂ ಗಮನ ಸೆಳೆಯಲಾಗಿದೆ.

ಅಬುಕಿರ್‌ನಲ್ಲಿ ತಡೆದ ಹಾರಾಟ

ಭಾರತ ಮತ್ತು ಇಂಗ್ಲೆಂಡ್‌ಗಳ ನಡುವೆ ಏಕಾಂಗಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡುಗಳ ಬಹುಮಾನವನ್ನು ಆಗಾಖಾನರು 1929ರಲ್ಲಿ ಘೋಷಿಸಿದರು. 1930ರಲ್ಲಿ ಮನಮೋಹನ ಸಿಂಗ್, ಆಸ್ಪಿ ಇಂಜಿನಿಯರ್ ಮತ್ತು ಜೆ.ಆರ್.ಡಿ. ಟಾಟಾ ಈ ಸ್ಪರ್ಧೆಗಿಳಿದರು. 1929ರ ಫೆಬ್ರುವರಿ 10ರಂದು ವೈಮಾನಿಕ ಪರವಾನಗಿ ಪಡೆದಿದ್ದ ಟಾಟಾ ಅವರು ಕರಾಚಿಯಿಂದ ಪಶ್ಚಿಮಕ್ಕೆ ಹೊರಟರೆ, ಇಂಜಿನಿಯರ್ ಇಂಗ್ಲೆಂಡ್‌ನಿಂದ ಪೂರ್ವಕ್ಕೆ ಹೊರಟಿದ್ದರು. ಈಜಿಪ್ಟಿನ ಅಬುಕಿರ್‌ನಲ್ಲಿ ಇಬ್ಬರೂ ಸಂಧಿಸಿದಾಗ, ಇಂಜಿನಿಯರ್ ಅವರ ವಿಮಾನ ಸ್ಪಾರ್ಕ್ ಪ್ಲಗ್‌ಗಳಿಲ್ಲದೆ ನೆಲ ಹಿಡಿದು ನಿಂತಿತ್ತು. ಟಾಟಾ ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ಎದುರಾಳಿಗೆ ಕೊಟ್ಟರು. ಇಂಜಿನಿಯರ್ ಕರಾಚಿಯನ್ನು ಮೊದಲು ತಲುಪಿ ಬಹುಮಾನ ಗಳಿಸಿದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಕ್ರೀಡಾ ಮನೋಭಾವದ ನಿದರ್ಶನವಾಗಿ ಹೇಳುವುದು ರೂಢಿ. ಅದು ಸರಿಯೇ. ಆದರೆ ಚರಿತ್ರಕಾರನಿಗೆ ಅದರಲ್ಲಿ ಇನ್ನೊಂದು ಅಂಶವೂ ಕಾಣುತ್ತದೆ. ಖಂಡಾಂತರ ಹಾರಾಟವೊಂದರ ಜಯಾಪಜಯ ನಿರ್ಧಾರವಾದದ್ದು ವೈಮಾನಿಕನ ಕೌಶಲದಿಂದ ಮಾತ್ರವಲ್ಲ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಬಿಡಿಭಾಗದಿಂದ. ನಿಲ್ದಾಣದಲ್ಲಿ ಖಾಸಗಿ ವೈಮಾನಿಕನಿಗಾಗಿ ಕಾದಿರಿಸಿದ ದಾಸ್ತಾನು ಇರಲಿಲ್ಲ. ಇನ್ನೊಬ್ಬ ವೈಮಾನಿಕನ ಔದಾರ್ಯವೇ ಅಲ್ಲಿ ನೆಲದ ಸೇವೆಯಾಗಿ ಒದಗಿತು. ಆಸ್ಪಿ ಇಂಜಿನಿಯರ್ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಹೊಣೆ ಹೊತ್ತು, ಬಳಿಕ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

1932ರ ಅಂಚೆ ಹಾರಾಟ

ಟಾಟಾ ಸನ್ಸ್ ಮತ್ತು ಭಾರತ ಸರ್ಕಾರದ ನಡುವೆ 1932ರ ಏಪ್ರಿಲ್‌ನಲ್ಲಿ ಅಂಚೆ ಒಪ್ಪಂದವಾಯಿತು. ಎರಡು ಪುಸ್ ಮಾತ್ ವಿಮಾನಗಳು, ಜುಹುವಿನಲ್ಲಿ ತಾಳೆಗರಿ ಹೊದಿಸಿದ ಒಂದು ಕೊಟ್ಟಿಗೆ, ಅರೆಕಾಲಿಕ ಇಂಜಿನಿಯರ್ ಒಬ್ಬರು, ಕಲಿಕೆಯ ಹಂತದ ಇಬ್ಬರು ಮೆಕ್ಯಾನಿಕರು: ಇಷ್ಟೇ ಆ ಉದ್ಯಮದ ನೆಲದ ಬಂಡವಾಳ. ಅಕ್ಟೋಬರ್ 15ರಂದು ಬೆಳಗ್ಗೆ 6.35ಕ್ಕೆ ಟಾಟಾ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಮಧ್ಯಾಹ್ನ 1.50ಕ್ಕೆ ಜುಹು ತಲುಪಿದರು. ಅಹಮದಾಬಾದಿನಲ್ಲಿ ಬರ್ಮಾ ಷೆಲ್ ಕಂಪನಿಯ ನಾಲ್ಕು ಗ್ಯಾಲನ್ನಿನ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದಿದ್ದವು.

ಈ ಕಾರ್ಯದ ಸ್ವರೂಪವನ್ನು ತುಸು ವಿವರವಾಗಿ ನೋಡುವುದು ಅಗತ್ಯ. ನಾಲ್ಕು ಗ್ಯಾಲನ್ ಎಂದರೆ ಸುಮಾರು 18 ಲೀಟರ್. ಡಬ್ಬದ ತೂಕ ಸೇರದೆ 13 ಕಿಲೋಗ್ರಾಂನಷ್ಟು ಭಾರ. ಪುಸ್ ಮಾತ್‌ನ ಎಂಜಿನ್ 120 ಅಶ್ವಶಕ್ತಿಯ ಆಸುಪಾಸಿನದು. ಗಂಟೆಗೆ ಆರೇಳು ಗ್ಯಾಲನ್ ಪೆಟ್ರೋಲ್ ಬೇಡುವಂಥದು. ಮೂರು ಗಂಟೆಗಳ ಹಾರಾಟಕ್ಕೆ ಐದು ಡಬ್ಬಗಳಾದರೂ ಬೇಕು. ರೆಕ್ಕೆ ಮೇಲ್ಭಾಗದಲ್ಲಿದ್ದು ಇಂಧನದ ತೊಟ್ಟಿಗಳು ಅಲ್ಲಿಯೇ ಇದ್ದುದರಿಂದ ಪ್ರತಿ ಡಬ್ಬವನ್ನೂ ತಲೆಯ ಮಟ್ಟಕ್ಕಿಂತ ಮೇಲೆತ್ತಿ ಲಾಳಿಕೆಗೆ ಸುರಿಯಬೇಕಿತ್ತು. ಪೆಟ್ರೋಲಿನಲ್ಲಿ ನೀರು ಅಥವಾ ಕಸ ಬೆರೆತರೆ ಎಂಜಿನ್ ಆಕಾಶದಲ್ಲಿ ನಿಲ್ಲುವ ಅಪಾಯವಿದ್ದುದರಿಂದ ಲಾಳಿಕೆಗೆ ಹದಗೊಳಿಸಿದ ಮೃದು ಚರ್ಮವನ್ನು ಹಾಸಿ ಸೋಸುವುದು ಅಂದಿನ ಪದ್ಧತಿ. ಸೋಸುವಿಕೆ ನಿಧಾನದ ಕೆಲಸ. ಅವಸರಿಸಿದರೆ ಪ್ರಾಣಕ್ಕೆ ಎರವಾಗುವ ಕೆಲಸ. ಇಲ್ಲಿನ ವಿಳಂಬವು ಸುರಕ್ಷತೆಯ ಬೆಲೆ. ಅದನ್ನು ಇತರ ವಿಳಂಬಗಳಿಂದ ಬೇರ್ಪಡಿಸಿ ನೋಡಬೇಕು.

ಬಳ್ಳಾರಿಯ ನಿಲುಗಡೆ

ಜುಹುವಿನಿಂದ ಮುಂದಿನ ಹಾರಾಟವನ್ನು ನೆವಿಲ್ ವಿಂಟ್‌ಸೆಂಟ್ ವಹಿಸಿಕೊಂಡು ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಅಂಚೆ ಒಯ್ದರು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕನ್ನಡ ನಾಡಿನ ವಿಮಾನಯಾನದ ಕಥನವನ್ನು 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ, ಇಲ್ಲವೇ 1948ರ ಜಕ್ಕೂರು ವೈಮಾನಿಕ ಶಾಲೆಯಿಂದ ಆರಂಭಿಸುವ ವಾಡಿಕೆಯಿದೆ. ಆದರೆ ಕಾರ್ಖಾನೆಗಿಂತ ಎಂಟು ವರ್ಷ ಮೊದಲೇ ಕನ್ನಡ ಮಾತನಾಡುವ ಊರೊಂದು ದೇಶದ ಪ್ರಮುಖ ಅಂಚೆ ವಾಯುಮಾರ್ಗದ ಕೊಂಡಿಯಾಗಿತ್ತು. ಮುಂಬಯಿ ಮತ್ತು ಮದರಾಸುಗಳ ನಡುವಣ ದೂರವನ್ನು ಸಣ್ಣ ವಿಮಾನಕ್ಕೆ ಸಾಧ್ಯವಾಗಿಸಿದ್ದೇ ಈ ನಡುವಿನ ನಿಲುಗಡೆ. ಪ್ರಾಂತದ ಗಡಿ ಬದಲಾದುದರಿಂದ ಆ ಚರಿತ್ರೆ ಎರಡೂ ಕಡೆಯ ಕಥನಗಳಿಂದ ಜಾರಿಹೋಗುವಂತಾಗಬಾರದು.

ಎತ್ತಿನ ಗಾಡಿಯ ಕಾಲದ ಸಮಯಪಾಲನೆ

ಜುಹುವಿನ ನೆಲ ಮಳೆಗಾಲದಲ್ಲಿ ಕೆಸರಾಗಿ ಬಳಕೆಗೆ ಬಾರದೆ ಹೋಗುತ್ತಿದ್ದುದರಿಂದ, ಇಡೀ ಉದ್ಯಮವೇ ಪುಣೆಗೆ ವರ್ಗವಾಗಿ ಯೆರವಾಡ ಸೆರೆಮನೆಯ ಸಮೀಪದ ಮೈದಾನವೊಂದನ್ನು ಬಳಸಿಕೊಳ್ಳುತ್ತಿತ್ತು. ಮಾರ್ಗದಲ್ಲಿ ರೇಡಿಯೊ ಸಂಪರ್ಕವಾಗಲಿ ದಿಕ್ಸೂಚನೆಯ ಸಾಧನಗಳಾಗಲಿ ಇರಲಿಲ್ಲ. ಇಂತಹ ಸ್ಥಿತಿಯಲ್ಲಿಯೂ ಮೊದಲ ವರ್ಷ ಈ ಸೇವೆ ಪ್ರತಿಶತ 100ರ ಸಮಯಪಾಲನೆ ಸಾಧಿಸಿತೆಂದು ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆಯೇ ಪ್ರಶಂಸಿಸಿತು.

ಈ ಸಂಗತಿ ವಿಚಾರಾರ್ಹವಾದುದು. ಅತ್ಯಂತ ನಿಧಾನದ ವಾಹನದಿಂದ ಅತ್ಯಂತ ವೇಗದ ವಾಹನಕ್ಕೆ ಇಂಧನ ಒದಗುತ್ತಿದ್ದ ಕಾಲದಲ್ಲಿ ಸೇವೆ ತಡವಾಗಲಿಲ್ಲವೆಂದರೆ, ಅದಕ್ಕೆ ಕಾರಣ ವ್ಯವಸ್ಥೆ. ಗಾಡಿ ನಿಧಾನವಾದರೂ ಮುಂಚಿತವಾಗಿ ಹೊರಟಿರುತ್ತಿತ್ತು. ಇಂಧನವು ವಿಮಾನಕ್ಕಾಗಿ ಕಾಯುತ್ತಿತ್ತೇ ಹೊರತು ವಿಮಾನವು ಇಂಧನಕ್ಕಾಗಿ ಅಲ್ಲ. ವೇಳಾಪಟ್ಟಿ ನಿಶ್ಚಿತವಾಗಿದ್ದುದರಿಂದಲೇ ಇದು ಸಾಧ್ಯವಾಯಿತು. ಅಬುಕಿರ್‌ನಲ್ಲಿ ಕಾದ ಏಕಾಂಗಿ ವೈಮಾನಿಕನಿಗೆ ಇಂತಹ ಪೂರ್ವಸಿದ್ಧತೆ ಇರಲಿಲ್ಲ. ನಿಗದಿತ ಸೇವೆ ಮತ್ತು ಅನಿಗದಿತ ಖಾಸಗಿ ಹಾರಾಟಗಳ ನಡುವಣ ಈ ಅಂತರವೇ ಮುಂದಿನ ಎಲ್ಲ ವಿಳಂಬಗಳ ಮೂಲವೆಂದು ತರ್ಕಿಸಬಹುದು.

ಆದ್ಯತೆಯ ಪ್ರಶ್ನೆ

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಸೇನೆಯ ಅಗತ್ಯಗಳು ಮೊದಲ ಸ್ಥಾನ ಪಡೆದವು. ಸ್ವಾತಂತ್ರ್ಯಾನಂತರ, ವಿಶೇಷವಾಗಿ 1953ರ ರಾಷ್ಟ್ರೀಕರಣದ ತರುವಾಯ, ನಿಲ್ದಾಣಗಳು ನಿಗದಿತ ಪ್ರಯಾಣಿಕ ಸೇವೆಗಳ ಸುತ್ತ ಬೆಳೆದವು. ದೊಡ್ಡ ನಿಲ್ದಾಣಗಳಲ್ಲಿ ನೆಲದಡಿಯ ಕೊಳವೆಗಳ ಮೂಲಕ ಇಂಧನ ಹರಿಯುವ ವ್ಯವಸ್ಥೆ ಬಂದಿತಾದರೂ, ಅದರ ಬಾಯಿಗಳಿರುವುದು ದೊಡ್ಡ ವಿಮಾನಗಳು ನಿಲ್ಲುವೆಡೆಯಲ್ಲಿ. ದೂರದ ಮೂಲೆಯಲ್ಲಿ ನಿಂತ ಖಾಸಗಿ ವಿಮಾನ ಟ್ಯಾಂಕರು ಬಿಡುವಾಗಿ ಬರುವವರೆಗೆ ಕಾಯಬೇಕು. ಇಂಧನದ ಬಗೆಯೂ ಒಂದು ತೊಡಕು. ಜೆಟ್ ವಿಮಾನಗಳು ಸೀಮೆಎಣ್ಣೆಯ ಜಾತಿಯ ಇಂಧನ ಬಳಸಿದರೆ, ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಿಗೆ ವಿಮಾನದ ಪೆಟ್ರೋಲೇ ಬೇಕು. ಇಂಡಿಯನ್ ಆಯಿಲ್ ಸಂಸ್ಥೆ 2022ರಲ್ಲಿ ಗುಜರಾತಿನಲ್ಲಿ ಇದರ ತಯಾರಿಕೆ ಆರಂಭಿಸುವವರೆಗೆ ದೇಶವು ಆಮದನ್ನೇ ನೆಚ್ಚಿಕೊಂಡಿತ್ತು.

ನೆಲದ ಸೇವೆಯನ್ನು ಯಾರು ಒದಗಿಸಬೇಕೆಂಬುದೂ ವಿವಾದದ ವಿಷಯವಾಯಿತು. ಭದ್ರತೆಯ ಕಾರಣವನ್ನು ಮುಂದಿಟ್ಟು, ಪ್ರಮುಖ ನಿಲ್ದಾಣಗಳಲ್ಲಿ ಈ ಹಕ್ಕನ್ನು ಕೆಲವೇ ಸಂಸ್ಥೆಗಳಿಗೆ ಸೀಮಿತಗೊಳಿಸುವ 2007ರ ನೀತಿಯು 2009ರ ಜನವರಿ 1ರಿಂದ ಜಾರಿಯಾಗಬೇಕಿದ್ದು, ಹಲವು ಬಾರಿ ಮುಂದೂಡಲ್ಪಟ್ಟಿತು. ವಿಮಾನ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯು ದೇಶೀಯ ವಿಮಾನ ಸಂಸ್ಥೆಗಳಿಗೆ ಸ್ವಂತ ನೆಲದ ಸೇವೆಗೆ ಅವಕಾಶ ಕಲ್ಪಿಸಿತು. ತನ್ನದೇ ಸಿಬ್ಬಂದಿಯಿಲ್ಲದ ಒಂಟಿ ವಿಮಾನದ ಮಾಲೀಕನಿಗೆ ಇಂತಹ ಅವಕಾಶದಿಂದ ಆಗುವ ಪ್ರಯೋಜನ ಅಲ್ಪ. ಬೆಂಗಳೂರಿನಲ್ಲಿ 2008ರ ಮೇ ತಿಂಗಳಿನಲ್ಲಿ ನಿಗದಿತ ಸೇವೆಗಳು ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೆ ಹಳೆಯ ಹೆಚ್.ಎ.ಎಲ್. ನಿಲ್ದಾಣವು ಸೇನಾ ಹಾಗೂ ಖಾಸಗಿ ಹಾರಾಟಗಳಿಗೆ ಉಳಿದುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಬಗೆಯ ವಿಳಂಬಗಳನ್ನು ಗುರುತಿಸಬಹುದು. ಸೋಸುವಿಕೆ, ತಪಾಸಣೆಗಳಂಥ ಸುರಕ್ಷತೆಯ ವಿಳಂಬ ಮೊದಲನೆಯದು, ಅದು ಅನಿವಾರ್ಯ. ಪೂರ್ವಸಿದ್ಧತೆಯ ಅಭಾವದ ವಿಳಂಬ ಎರಡನೆಯದು; ಅದನ್ನು 1932ರ ಅಂಚೆ ಸೇವೆ ಎತ್ತಿನ ಗಾಡಿಯಿಂದಲೇ ಗೆದ್ದಿತ್ತು. ಆದ್ಯತೆಯ ವಿಳಂಬ ಮೂರನೆಯದು. ಅದು ಯಂತ್ರಗಳ ಪ್ರಗತಿಯಿಂದ ನಿವಾರಣೆಯಾಗಿಲ್ಲ, ಹಲವೆಡೆ ಹೆಚ್ಚಿದೆ.

ಈ ಚರಿತ್ರೆಯ ಆಕರಗಳು ವಿಮಾನ ಸಂಸ್ಥೆಗಳ ಕಡತಗಳಲ್ಲಿ ಮಾತ್ರ ಇರುವಂಥವಲ್ಲ. ಪೆಟ್ರೋಲ್ ದಾಸ್ತಾನಿನ ಪರವಾನಗಿ, ಮೈದಾನದ ಗುತ್ತಿಗೆ, ಅಂಚೆ ಕಛೇರಿಯ ದಾಖಲೆ, ತೈಲ ಕಂಪನಿಗಳ ಸ್ಥಳೀಯ ಏಜೆಂಟರ ಲೆಕ್ಕ ಇವುಗಳನ್ನು ಜಿಲ್ಲಾ ಮಟ್ಟದಲ್ಲಿ ಅರಸಬೇಕಾಗಿದೆ. ಟಾಟಾ ಮತ್ತು ವಿಂಟ್‌ಸೆಂಟರ ಹೆಸರುಗಳು ಗ್ರಂಥಸ್ಥವಾಗಿವೆ. ಗಾಡಿ ಹೊಡೆದವರ, ಡಬ್ಬ ಎತ್ತಿದವರ, ಬಳ್ಳಾರಿಯ ಬಯಲಿನಲ್ಲಿ ವಿಮಾನದ ದಾರಿ ಕಾದವರ ಹೆಸರುಗಳು ದೊರೆತಾಗ ಮಾತ್ರ ಆ ಸಮಯಪಾಲನೆಯ ಕೀರ್ತಿ ಸಲ್ಲಬೇಕಾದವರೆಲ್ಲರಿಗೂ ಸಂದಂತಾಗುತ್ತದೆ.