ಟರ್ಬೊ ಎಂಜಿನ್: ಪೂರ್ಣ ಥ್ರಾಟಲ್‌ನಲ್ಲಿ ಇಂಧನದ ಲೆಕ್ಕಾಚಾರ

ಬೆಂಗಳೂರು: ಯಲಹಂಕ, ಜಕ್ಕೂರು, ಹೆಬ್ಬಾಳ ಪ್ರದೇಶಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಇಲ್ಲಿನ ವಾಯುಭಾರ ಸುಮಾರು 91 ಕಿಲೋಪ್ಯಾಸ್ಕಲ್. ಚೆನ್ನೈಯಲ್ಲಿ ಅದು 101ರ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ ಇಲ್ಲಿ ತನ್ನ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್ ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆಯಾದರೂ ಅದಕ್ಕಾಗಿ ಹೆಚ್ಚು ದುಡಿಯಬೇಕಾಗುತ್ತದೆ. ಸಿಲಿಂಡರ್‌ಗೆ 200 ಕಿಲೋಪ್ಯಾಸ್ಕಲ್ ಒತ್ತಡದ ಗಾಳಿ ಬೇಕೆಂದರೆ ಚೆನ್ನೈಯಲ್ಲಿ ಎರಡು ಪಟ್ಟು ಅದುಮಿದರೆ ಸಾಕು, ಇಲ್ಲಿ 2.2 ಪಟ್ಟು ಅದುಮಬೇಕು. ಹಾಗೆ ಅದುಮಿದ ಗಾಳಿ, ಇಂಟರ್‌ಕೂಲರ್ ಸೇರುವ ಮುನ್ನ, ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಆಕ್ಸಿಲರೇಟರನ್ನು ತಳಮುಟ್ಟ ತುಳಿದಾಗ ಎಷ್ಟು ಇಂಧನ ಕೊಡಬೇಕೆಂಬ ಪ್ರಶ್ನೆಯಲ್ಲಿ ಈ ಬಿಸಿಗೂ ಪಾಲಿದೆ.

ಶುದ್ಧ ಪೆಟ್ರೋಲಿನ ಒಂದು ಕಿಲೋ ಪೂರ್ಣವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಈ ಸಮತೋಲವನ್ನು ಲ್ಯಾಂಬ್ಡಾ 1 ಎನ್ನುತ್ತಾರೆ. ನಿಧಾನ ಸಂಚಾರದಲ್ಲಿ ಎಂಜಿನ್ ಇದರ ಸುತ್ತಲೇ ಓಡುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ ಮಾತ್ರ ಟರ್ಬೊ ಪೆಟ್ರೋಲ್ ಎಂಜಿನ್‌ಗಳನ್ನು ರೂಢಿಯಾಗಿ 0.78ರಿಂದ 0.85ರ ನಡುವೆ, ಅಂದರೆ ಇಂಧನ ಹೆಚ್ಚಾಗಿರುವಂತೆ ಹೊಂದಿಸಲಾಗುತ್ತದೆ. ಹೆಚ್ಚುವರಿ ಪೆಟ್ರೋಲ್ ಉರಿಯುವುದಿಲ್ಲ. ಆವಿಯಾಗುತ್ತ ಸಿಲಿಂಡರ್‌ನ ತಾಪವನ್ನು ಹೀರುತ್ತದೆ. ಇದರಿಂದ ಮಿಶ್ರಣ ಅಕಾಲದಲ್ಲಿ ಸಿಡಿಯುವ ನಾಕಿಂಗ್ ತಗ್ಗುತ್ತದೆ, ಟರ್ಬೈನ್‌ಗೆ ತಗಲುವ ಹೊಗೆಯ ತಾಪವೂ ಹತೋಟಿಯಲ್ಲಿರುತ್ತದೆ. ಜಕ್ಕೂರಿನ ವೈಮಾನಿಕ ತರಬೇತಿ ಶಾಲೆಯಲ್ಲಿ ಕಲಿಯುವವರಿಗೆ ಈ ತತ್ವ ಹೊಸದಲ್ಲ. ಪಿಸ್ಟನ್ ವಿಮಾನಗಳಲ್ಲಿ ಮಿಶ್ರಣವನ್ನು ಹೊಂದಿಸಲು ಪ್ರತ್ಯೇಕ ಸನ್ನೆಯೇ ಇರುತ್ತದೆ.

ಡೀಸೆಲ್‌ನ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ಗಾಳಿ ಯಾವಾಗಲೂ ಇಂಧನಕ್ಕಿಂತ ಹೆಚ್ಚಿಗೆ ಇರಬೇಕು. ಇಂಧನ ಹೆಚ್ಚಿದಷ್ಟೂ ತಾಪ ಹೆಚ್ಚು, ಹೊಗೆ ಕಪ್ಪು. ತುಮಕೂರು ರಸ್ತೆಯ ಏರಿನಲ್ಲಿ ಕರಿಹೊಗೆ ಉಗುಳುವ ವಾಹನವನ್ನು ಕಂಡು ‘ಒಳ್ಳೆಯ ಪಿಕಪ್’ ಎಂದು ಮೆಚ್ಚುವವರಿದ್ದಾರೆ. ಆ ಹೊಗೆ ಉರಿಯದೆ ವ್ಯರ್ಥವಾದ ಡೀಸೆಲ್ ಅಷ್ಟೆ.

ಪೆಟ್ರೋಲಿಗೆ ಮರಳೋಣ. ಇಸಿಯು ಎಷ್ಟು ಇಂಧನ ಕೇಳುತ್ತದೆ ಎಂಬುದು ಒಂದು ವಿಷಯ, ಕೇಳಿದಷ್ಟು ತಲುಪುತ್ತದೆಯೇ ಎಂಬುದು ಇನ್ನೊಂದು. ಗ್ಯಾರೇಜುಗಳಲ್ಲಿ ಹೆಚ್ಚು ಎಡವುವುದು ಎರಡನೆಯದರಲ್ಲೇ. ಮ್ಯಾನಿಫೋಲ್ಡ್‌ನಲ್ಲಿ ಇಂಧನ ಚಿಮ್ಮುವ ಎಂಜಿನ್ನಿನಲ್ಲಿ ಇಂಜೆಕ್ಟರ್‌ನ ಹಿಂದೆ 3 ಬಾರ್ ಒತ್ತಡವಿದೆ ಎನ್ನೋಣ. ಮುಂದೆ ಟರ್ಬೊ 1 ಬಾರ್ ಒತ್ತಿದರೆ ಉಳಿಯುವ ವ್ಯತ್ಯಾಸ 2 ಬಾರ್ ಮಾತ್ರ. ಇಂಧನದ ಹರಿವು ಒತ್ತಡ ವ್ಯತ್ಯಾಸದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಅದು ಶೇ. 18ರಷ್ಟು ಕುಸಿಯುತ್ತದೆ. ಇದನ್ನು ತಪ್ಪಿಸಲೆಂದೇ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಕೊಳವೆ ಜೋಡಿಸಿರುತ್ತಾರೆ. ಟರ್ಬೊ ಒತ್ತಡ ಏರಿದಷ್ಟೇ ಇಂಧನದ ಒತ್ತಡವೂ ಏರುತ್ತದೆ. ಹತ್ತಾರು ರೂಪಾಯಿಯ ಆ ರಬ್ಬರ್ ಕೊಳವೆ ಬಿರುಕುಬಿಟ್ಟರೆ ಲಕ್ಷಗಟ್ಟಲೆ ಬೆಲೆಯ ಎಂಜಿನ್ನಿನ ಪಿಸ್ಟನ್ ಕರಗಬಹುದು.

ಸಮಯದ ಮಿತಿಯೂ ಉಂಟು. ನಿಮಿಷಕ್ಕೆ 6,000 ಸುತ್ತಿನ ವೇಗದಲ್ಲಿ ಒಂದು ಪೂರ್ಣ ಆವರ್ತಕ್ಕೆ ದೊರೆಯುವುದು 20 ಮಿಲಿಸೆಕೆಂಡ್. ಇಂಜೆಕ್ಟರ್ ಅದರಲ್ಲಿ 17 ಮಿಲಿಸೆಕೆಂಡ್‌ಗಿಂತ ಹೆಚ್ಚು, ಎಂದರೆ ಶೇ. 85ಕ್ಕಿಂತ ಮೇಲೆ ತೆರೆದಿರಬೇಕಾಗಿ ಬಂದರೆ ದೊಡ್ಡ ಇಂಜೆಕ್ಟರ್ ಬೇಕೆಂದೇ ಅರ್ಥ. ನೇರವಾಗಿ ಸಿಲಿಂಡರ್‌ಗೇ ಇಂಧನ ಚಿಮ್ಮುವ ಎಂಜಿನ್‌ಗಳಲ್ಲಿ ಈ ಅವಕಾಶ ಐದಾರು ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಅಲ್ಲಿ ಅಧಿಕ ಒತ್ತಡದ ಪಂಪಿನ ಸಾಮರ್ಥ್ಯವೇ ಅಂತಿಮ ಗಡಿ.

ಈಗ ಈ ಲೆಕ್ಕವನ್ನೆಲ್ಲ ಮತ್ತೊಮ್ಮೆ ಮಾಡಬೇಕಾಗಿ ಬಂದಿರುವುದಕ್ಕೆ ಕಾರಣ ಎಥೆನಾಲ್. ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಮುಂದೆ ಸಿಗುವ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರವರಿ 6ರಂದು, ಭಾರತ ಇಂಧನ ಸಪ್ತಾಹದ ಸಂದರ್ಭದಲ್ಲಿ, ಪ್ರಧಾನಿ ನರೇಂದ್ರ ಮೋದಿ ಅವರು ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ-20 ಪೆಟ್ರೋಲಿಗೆ ಚಾಲನೆ ನೀಡಿದರು. 2025ರ ವೇಳೆಗೆ ಅದು ದೇಶದ ಸಾಮಾನ್ಯ ಪೆಟ್ರೋಲೇ ಆಯಿತು.

ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಸೇರಿರುತ್ತದೆ. ಹೀಗಾಗಿ ಅದರ ಒಂದು ಕಿಲೋ ಉರಿಯಲು 9 ಕಿಲೋ ಗಾಳಿ ಸಾಕು. ಇ-20ರ ಸಮತೋಲ ಬಿಂದು ಸುಮಾರು 13.5, ಇ-10ರದ್ದು ಸುಮಾರು 14.1. ಅಂದರೆ ಅಷ್ಟೇ ಗಾಳಿಗೆ ಇ-10ಕ್ಕಿಂತ ಶೇ. 4ಕ್ಕೂ ಹೆಚ್ಚು, ಶುದ್ಧ ಪೆಟ್ರೋಲಿಗಿಂತ ಶೇ. 8-9ರಷ್ಟು ಅಧಿಕ ಇಂಧನ ಬೇಕು. ನಿಧಾನ ಸಂಚಾರದಲ್ಲಿ ಆಕ್ಸಿಜನ್ ಸೆನ್ಸರ್ ಈ ಕೊರತೆಯನ್ನು ಗುರುತಿಸಿ ಸರಿಪಡಿಸುತ್ತದೆ. ಆದರೆ ಅನೇಕ ಹಳೆಯ ಕಾರುಗಳಲ್ಲಿ ಪೂರ್ಣ ಥ್ರಾಟಲ್‌ನಲ್ಲಿ ಸೆನ್ಸರ್‌ನ ಮಾತನ್ನು ಇಸಿಯು ಕೇಳುವುದಿಲ್ಲ. ಬರೆದಿಟ್ಟ ಕೋಷ್ಟಕವನ್ನೇ ನಂಬುತ್ತದೆ. ಶುದ್ಧ ಪೆಟ್ರೋಲಿಗಾಗಿ 0.82ಕ್ಕೆ ಹೊಂದಿಸಿದ ಕೋಷ್ಟಕ ಇ-20 ತುಂಬಿದಾಗ 0.89ಕ್ಕೆ ಸರಿಯುತ್ತದೆ. ತಂಪಾಗಿಸಲೆಂದು ಇಟ್ಟಿದ್ದ ಹೆಚ್ಚುವರಿ ಇಂಧನದ ದೊಡ್ಡ ಪಾಲು ಹೀಗೆ ಮಾಯವಾಗುತ್ತದೆ.

ಹಾಗೆಂದು ಇ-20 ಟರ್ಬೊಗಳ ಶತ್ರು ಎನ್ನುವ ಗುಲ್ಲನ್ನು ಒಪ್ಪಲಾಗದು. ಎಥೆನಾಲ್ ಆವಿಯಾಗುವಾಗ ಪೆಟ್ರೋಲಿನ ಎರಡೂವರೆ ಪಟ್ಟು ಶಾಖ ಹೀರುತ್ತದೆ. ಭಾರತೀಯ ಮಾನಕದ ಪ್ರಕಾರ ಇ-20ರ ಆಕ್ಟೇನ್ ಕನಿಷ್ಠ 95. ಬಿಎಸ್-6 ಸಾಮಾನ್ಯ ಪೆಟ್ರೋಲಿಗೆ ನಿಗದಿಯಾಗಿದ್ದುದು 91. ನಾಕಿಂಗ್ ತಡೆಯುವ ಈ ಗುಣ ಟರ್ಬೊಗೆ ವರವೇ. ಕೋಷ್ಟಕವನ್ನು ಹೊಸ ಇಂಧನಕ್ಕೆ ತಿದ್ದಬೇಕು, ರಬ್ಬರ್ ಕೊಳವೆ ಮತ್ತು ಸೀಲುಗಳು ಎಥೆನಾಲ್ ತಾಳುವಂಥವಾಗಿರಬೇಕು ಎಂಬುದಷ್ಟೇ ಷರತ್ತು.

ತಿದ್ದುವ ಕೆಲಸ ನಡೆಯಬೇಕಾದದ್ದು ಡೈನೊ ಮೇಲೆ. ಇಗ್ನಿಷನ್ನನ್ನು ಹಿಂದಕ್ಕೆ ಇಟ್ಟು, ಇಂಧನವನ್ನು ಉದಾರವಾಗಿ ಕೊಟ್ಟು, ಕಡಿಮೆ ಒತ್ತಡದಿಂದ ಆರಂಭಿಸುವುದು ಕ್ರಮ. ಒಂದೊಂದು ಓಟಕ್ಕೂ ಲ್ಯಾಂಬ್ಡಾ, ಟರ್ಬೊ ಒತ್ತಡ, ಇಂಧನದ ಒತ್ತಡ, ಒಳಗಾಳಿಯ ತಾಪ, ನಾಕಿಂಗ್‌ಗಳನ್ನು ದಾಖಲಿಸಿ, ಒಮ್ಮೆಗೆ ಎರಡು ಮೂರು ಶೇಕಡಾಕ್ಕಿಂತ ಹೆಚ್ಚು ಬದಲಿಸದೆ ಮುಂದುವರಿಯಬೇಕು. ಇಂಧನ ನೆಲೆಗೊಂಡ ಬಳಿಕವೇ ಇಗ್ನಿಷನ್‌ಗೆ ಕೈಹಾಕಬೇಕು. ಗರಿಷ್ಠ ಟಾರ್ಕ್ ಬರುವ ನಡುವೇಗದಲ್ಲಿ ನಾಕಿಂಗ್‌ನ ಭಯ, ಮೇಲ್ವೇಗದಲ್ಲಿ ಹೊಗೆಯ ತಾಪದ ಭಯ. ಮೀಟರಿನಲ್ಲಿ 12, 12.5 ಎಂಬ ಪೆಟ್ರೋಲ್ ಅಂಕಿಗಳ ಬದಲು ಲ್ಯಾಂಬ್ಡಾವನ್ನೇ ಓದುವುದು ಲೇಸು. ಇಂಧನ ಯಾವುದಾದರೂ ಅದರ ಅರ್ಥ ಬದಲಾಗದು.

ಹೆಬ್ಬಾಳ ಮೇಲ್ಸೇತುವೆ ದಾಟಿದ ಮೇಲೆ ವಿಮಾನ ನಿಲ್ದಾಣದತ್ತ ಬಿಚ್ಚಿಕೊಳ್ಳುವ ಬಳ್ಳಾರಿ ರಸ್ತೆ ಡೈನೊಗೆ ಬದಲಿ ಅಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪೈಪೋಟಿ 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಡಿ ಅಪರಾಧ. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಸೆಕ್ಷನ್ ತಡೆಯುತ್ತದೆ. ಇದಕ್ಕಾಗಿ ಇರುವ ಜಾಗಗಳು ರೇಸ್ ಟ್ರ್ಯಾಕ್‌ಗಳೇ.

ಅಲ್ಲಿಗೆ ಹೋಗುವವರು ಎತ್ತರದ ಲೆಕ್ಕವನ್ನು ಮರೆಯಬಾರದು. ಯಲಹಂಕದಲ್ಲಿ ಹೊಂದಿಸಿದ, ಸ್ಪ್ರಿಂಗ್ ಬಲದಿಂದಲೇ 1 ಬಾರ್ ಒತ್ತಡ ಕಾಯುವ ಕಾರಿನ ಮ್ಯಾನಿಫೋಲ್ಡ್‌ನಲ್ಲಿ ಇಲ್ಲಿ ಒಟ್ಟು 191 ಕಿಲೋಪ್ಯಾಸ್ಕಲ್ ಇದ್ದರೆ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಅದು 201 ಆಗುತ್ತದೆ. ಗಾಳಿ ಶೇ. 5ರಷ್ಟು ಹೆಚ್ಚು, ಶೇ. 85 ತೆರೆಯುತ್ತಿದ್ದ ಇಂಜೆಕ್ಟರ್ ಶೇ. 89ಕ್ಕೆ ಏರುತ್ತದೆ. ಕೋಷ್ಟಕದ ಕೊನೆಯ ಸಾಲು 190ಕ್ಕೇ ಮುಗಿದಿದ್ದರೆ ಅದರಾಚೆಯ ಗಾಳಿಗೆ ಇಂಧನವೇ ಸಿಗುವುದಿಲ್ಲ. ಆದ್ದರಿಂದ ಕೋಷ್ಟಕವನ್ನು 210, 220ರವರೆಗೆ ಮೊದಲೇ ತುಂಬಿಸಿಟ್ಟು, ಟ್ರ್ಯಾಕ್‌ನ ಮೊದಲ ಸುತ್ತಿನ ದಾಖಲೆಯನ್ನು ನೋಡಿದ ಮೇಲೆಯೇ ಎರಡನೆಯ ಸುತ್ತಿಗೆ ಪೆಡಲನ್ನು ಪೂರ್ತಿ ತುಳಿಯುವುದು ಕ್ಷೇಮ.